ಮೋಟರ್‌ಸೈಕಲ್ಲಿನ ಎಕ್ಸ್‌ರೇ ಮತ್ತು ತಮ್ಮ ಕಚೇರಿಯ ಪೆನ್ಸಿಲ್

ಮಾನ್ಯ ವಾಹನ ನೋಂದಣಿ ಅಧಿಕಾರಿಗಳೇ,

ನನ್ನ ಮನೆಯ ಕೆಳಗೆ ನಿಂತಿರುವ ಮೋಟರ್‌ಸೈಕಲ್ ನಿಜವಾಗಿಯೂ ಇದೆಯೋ ಇಲ್ಲವೋ ಎಂಬುದನ್ನು ತಮ್ಮ ಕಚೇರಿ ಇನ್ನೂ ತೀರ್ಮಾನಿಸಿಲ್ಲ. ತೀರ್ಮಾನಕ್ಕೆ ಅನುಕೂಲವಾಗಲೆಂದು ಸಂಗತಿಗಳನ್ನು ಕ್ರಮವಾಗಿ ಕೊಡುತ್ತಿದ್ದೇನೆ.

೧. ವಾಹನವು ತೊಂಬತ್ತೆಂಟು ಸಿಸಿಯ, ಎರಡು ಸ್ಟ್ರೋಕಿನ, ಒಂದೇ ಸಿಲಿಂಡರಿನ ಮೋಟರ್‌ಸೈಕಲ್. ೧೯೮೬ರಲ್ಲಿ ವಡೋದರಾದಲ್ಲಿ ನೋಂದಣಿಯಾಗಿದೆ.

೨. ದಾಖಲೆಯ ಪ್ರಕಾರ ಅದರ ಮಾಲೀಕರು ಶ್ರೀ ಸಿದ್ದಲಿಂಗಪ್ಪನವರು. ನಿವೃತ್ತ ಬ್ಯಾಂಕ್ ಮ್ಯಾನೇಜರ್, ಸದ್ಯ ಅಹಮದಾಬಾದಿನ ಬೋಪಾಲ್ ಬಡಾವಣೆಯ ನಿವಾಸಿ. ಅವರು ಅದನ್ನು ನನಗೆ ಕೊಟ್ಟಿದ್ದಾರೆ. ಕೊಟ್ಟದ್ದನ್ನು ಅವರು ಅಲ್ಲಗಳೆದಿಲ್ಲ, ಪಡೆದದ್ದನ್ನು ನಾನೂ ಅಲ್ಲಗಳೆದಿಲ್ಲ.

೩. ನೋಂದಣಿಯ ನವೀಕರಣಕ್ಕೂ ಹೆಸರಿನ ವರ್ಗಾವಣೆಗೂ ಚಾಸಿಸ್ ಸಂಖ್ಯೆಯ ಪೆನ್ಸಿಲ್ ಅಚ್ಚು ಬೇಕು. ಅಂದರೆ, ಉಕ್ಕಿನಲ್ಲಿ ಕೊರೆದ ಸಂಖ್ಯೆಯ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದಾಗ ಮೂಡುವ ಗುರುತು.

೪. ಆ ಸಂಖ್ಯೆ ಹ್ಯಾಂಡಲ್ಲಿನ ಕೆಳಗಿರುವ ಕೊಳವೆಯ ಮೇಲಿದೆ. ಈಗಲೂ ಇದೆ.

೫. ಅದರ ಮೇಲೆ ನಾನು ಬಣ್ಣ ಹಾಕಿಸಿದ್ದೇನೆ.

೬. ಬಣ್ಣ ತೆಗೆಯದೆ ಸಂಖ್ಯೆ ಕಾಣುವುದಿಲ್ಲ ಎನ್ನುತ್ತದೆ ತಮ್ಮ ಕಚೇರಿಯ ಕಿಟಕಿ. ಬಣ್ಣ ತೆಗೆದು ತಂದರೆ ಸಂಖ್ಯೆಯನ್ನು ತಿದ್ದಲಾಗಿದೆ ಎಂದು ಬರೆಯಬೇಕಾಗುತ್ತದೆ ಎನ್ನುತ್ತಾರೆ ತಮ್ಮ ಇನ್ಸ್‌ಪೆಕ್ಟರು. ತಮ್ಮೆದುರಿಗೇ ತೆಗೆಯುತ್ತೇನೆ ಎಂದರೆ, ಅದಕ್ಕೆ ಅವಕಾಶವಿಲ್ಲ ಎಂದು ಕಿಟಕಿಯೂ ಇನ್ಸ್‌ಪೆಕ್ಟರೂ ಒಂದೇ ದನಿಯಲ್ಲಿ ಹೇಳುತ್ತಾರೆ.

೭. ಸಿದ್ದಲಿಂಗಪ್ಪನವರು ದೀಪಾವಳಿ ಮುಗಿದೊಡನೆ ಗುಜರಾತನ್ನು ಬಿಟ್ಟು ಹುಬ್ಬಳ್ಳಿಗೆ ಹೋಗುತ್ತಿದ್ದಾರೆ. ಹೋಗುವ ಮೊದಲು ಈ ಗಾಡಿಯ ಹಿಂದಿನ ಸೀಟಿನಲ್ಲಿ ಕುಳಿತು ಮಕರಪುರಾ ರಸ್ತೆಯಲ್ಲಿ ಒಮ್ಮೆ ಹೋಗಬೇಕೆಂಬುದು ಅವರ ಆಸೆ. ನೋಂದಣಿಯ ಅವಧಿ ಮುಗಿದಿರುವ ಗಾಡಿಯನ್ನು ನಾನು ರಸ್ತೆಗೆ ಇಳಿಸುವುದಿಲ್ಲ.

ಈ ಪತ್ರ ಕನ್ನಡದಲ್ಲಿರುವುದಕ್ಕೆ ಮನ್ನಿಸಬೇಕು. ಗುಜರಾತಿಯಲ್ಲಿ ಒಂದು ಅರ್ಜಿ ಕೊಟ್ಟೆ, ಹಿಂದಿಯಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ಮೂರಕ್ಕೂ ದೊರೆತ ಉತ್ತರ ಒಂದೇ ಆಗಿದ್ದರಿಂದ, ಯಾವ ಭಾಷೆಯಾದರೂ ತಮಗೆ ವ್ಯತ್ಯಾಸವಿಲ್ಲ ಎಂದು ತಿಳಿದುಕೊಂಡೆ. ಇಲ್ಲಿನ ಕನ್ನಡ ಸಂಘದ ಪತ್ರಿಕೆ ಇದನ್ನು ಅಚ್ಚು ಹಾಕಲು ಒಪ್ಪಿದೆ. ಬ್ಯಾಂಕು, ರೈಲ್ವೆ, ವಿಮೆ ಎಂದು ವರ್ಗವಾಗಿ ಬಂದ ನಮ್ಮವರಲ್ಲಿ ಕಚೇರಿಗಳ ಒಳಹೊರಗು ಬಲ್ಲವರು ಬಹಳ ಮಂದಿ ಇದ್ದಾರೆ. ಅವರಲ್ಲೊಬ್ಬರು ತಮಗೆ ಓದಿ ಹೇಳಿಯಾರು.

ಗಾಡಿ ನನಗೆ ಸಿಕ್ಕ ಬಗೆಯನ್ನು ಹೇಳುವುದು ಅಗತ್ಯ, ಏಕೆಂದರೆ ನಾನು ಅದನ್ನು ಕದ್ದಿರಬಹುದು ಎಂಬ ಸಾಧ್ಯತೆಯನ್ನು ತಮ್ಮ ಕಚೇರಿ ತೆರೆದಿಟ್ಟುಕೊಂಡಿದೆ. ಸಿದ್ದಲಿಂಗಪ್ಪನವರು ಗದಗದ ಕಡೆಯವರು. ವಡೋದರಾಕ್ಕೆ ವರ್ಗವಾಗಿ ಬಂದ ವರ್ಷ ಈ ಮೋಟರ್‌ಸೈಕಲ್ ಕೊಂಡು, ಮಂಜಲ್‌ಪುರದ ಬಾಡಿಗೆ ಮನೆಯಿಂದ ಮಕರಪುರಾದ ಶಾಖೆಗೆ ದಿನವೂ ಅದರಲ್ಲಿ ಹೋಗಿಬರುತ್ತಿದ್ದರು. ಆಮೇಲೆ ಅಹಮದಾಬಾದಿಗೆ ಹೋದಾಗ ಅದನ್ನೂ ಒಯ್ದರು. ಈಗ ಅವರಿರುವುದು ಬೋಪಾಲಿನ ಒಂದು ಎತ್ತರದ ಕಟ್ಟಡದ ಹನ್ನೊಂದನೆಯ ಮಹಡಿಯಲ್ಲಿ. ಅಲ್ಲಿನ ವಸತಿ ಸೊಸೈಟಿಯವರು ಗಾಡಿಗೆ ‘ನಿರುಪಯುಕ್ತ ವಸ್ತು’ ಎಂಬ ಚೀಟಿ ಅಂಟಿಸಿದ ಮೇಲೆ ಇವರು ಅದಕ್ಕೊಂದು ನೆಲೆ ಹುಡುಕತೊಡಗಿದರು. ಹೋಟೆಲಿನವರೊಬ್ಬರು ಗೋಡೆಗೆ ತೂಗುಹಾಕಲು ಕೇಳಿದರಂತೆ.

“ಗ್ವಾಡಿಗೆ ತೂಗಹಾಕಾಕ ಅದೇನು ಹುಲಿ ತಲಿ ಏನ್ರೀ?” ಎಂದು ಸಿದ್ದಲಿಂಗಪ್ಪನವರು ನನ್ನನ್ನು ಕೇಳಿದರು, ಆ ಬೇಡಿಕೆ ಇಟ್ಟವನು ನಾನೇ ಎಂಬಂತೆ.

ಸಂಘದ ಊಟದ ಪಂಕ್ತಿಯಲ್ಲಿ ಈ ಸುದ್ದಿ ಕೇಳಿ ನಾನು ಬೋಪಾಲಿಗೆ ಹೋಗಿದ್ದೆ. ನನ್ನನ್ನು ಸೋಫಾದ ಮೇಲೆ ಕೂರಿಸಿ ಅವರು ಸಂದರ್ಶನ ಶುರುಮಾಡಿದರು. ಕಿಡಿ ಹೊತ್ತಿಸುವ ಪಾಯಿಂಟಿನ ಅಂತರ ಎಷ್ಟಿರಬೇಕು, ಸೈಲೆನ್ಸರಿನ ಒಳಗಿನ ಮಸಿಯನ್ನು ಹೇಗೆ ತೆಗೆಯುತ್ತೀರಿ, ಮಳೆಯಲ್ಲಿ ಗಾಡಿ ನಿಂತುಬಿಟ್ಟರೆ ಮೊದಲು ಎಲ್ಲಿ ನೋಡುತ್ತೀರಿ. ಸಾಲ ಕೇಳಲು ಬಂದವನನ್ನು ಅಳೆಯುವ ಹಳೆಯ ಅಭ್ಯಾಸ ಅವರಿಂದ ಹೋಗಿರಲಿಲ್ಲ. ಕೊನೆಯ ಪ್ರಶ್ನೆ ಇದು:

“ಪೆಟ್ರೋಲಿಗೆ ಆಯಿಲ್ ಅಳದು ಹಾಕ್ತೀರೋ, ಅಂದಾಜಿಂದ ಹಾಕ್ತೀರೋ?”

“ಅಳೆದು,” ಎಂದೆ.

“ಹಂಗಾರ ಒಯ್ಯಿರಿ.”

ಅವರ ಪತ್ನಿ ಸರಸ್ವತಿಯವರು ಚಹಾ ತಂದಿಡುತ್ತ, ಹೆಣ್ಣು ನೋಡಲು ಬಂದ ದಿನ ಈ ಮನುಷ್ಯ ಇದರ ಅರ್ಧದಷ್ಟೂ ಪ್ರಶ್ನೆ ಕೇಳಿರಲಿಲ್ಲ ಎಂದರು. ಹಣದ ಮಾತು ಬರಲಿಲ್ಲ. ಬಂದದ್ದು ಒಂದೇ ಷರತ್ತು, ಮೇಲಿನ ಏಳನೆಯ ಸಂಗತಿಯಲ್ಲಿ ಹೇಳಿದ್ದು.

ಮಾನ್ಯರೇ, ಸಣ್ಣ ಎಂಜಿನ್ನಿನ ಹಳೆಯ ಮೋಟರ್‌ಸೈಕಲ್ಲನ್ನು ಸಾಕುವುದೆಂದರೆ ಏನು ಎಂಬುದನ್ನು ತಾವು ತಿಳಿದಿರಲಾರಿರಿ. ತಮ್ಮ ಬಳಿಗೆ ಅದು ಅರ್ಜಿಯ ರೂಪದಲ್ಲಿ ಮಾತ್ರ ಬರುತ್ತದೆ. ತಯಾರಿಸಿದ ಕಂಪನಿ ಬಾಗಿಲು ಹಾಕಿ ಬಹಳ ಕಾಲವಾಗಿದೆ. ಪಿಸ್ಟನ್ ರಿಂಗಿಗಾಗಿ ನಾನು ಸೂರತ್ತಿಗೆ ಹೋದೆ. ಅಂಗಡಿ ಮುಚ್ಚುತ್ತಿದ್ದ ವ್ಯಾಪಾರಿಯೊಬ್ಬರು ಎರಡು ಜೊತೆ ರಿಂಗುಗಳನ್ನು ಎಣ್ಣೆ ಕಾಗದದಲ್ಲಿ ಸುತ್ತಿ ಕೊಟ್ಟು, ಇವನ್ನು ಕೇಳಿ ಬರುವ ಕಡೆಯ ಗಿರಾಕಿ ತೀರಿಕೊಂಡ ಎಂದುಕೊಂಡಿದ್ದೆ, ನೀವು ಬಂದಿರಿ ಎಂದರು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಕಾರ್ಬ್ಯುರೇಟರಿನ ಹಳೆಯ ರಬ್ಬರ್ ಉಬ್ಬಿಕೊಳ್ಳುತ್ತದೆ. ಆ ತುಂಡುಗಳನ್ನೆಲ್ಲ ಬೇರೆ ಜಾತಿಯ ರಬ್ಬರಿನಿಂದ ಹೊಸದಾಗಿ ಮಾಡಿಸಿದೆ. ಪೆಟ್ರೋಲ್ ಬಂಕಿಗೆ ಹೋಗುವಾಗ ಆಯಿಲ್ ಅಳೆಯಲು ಗಾಜಿನ ಅಳತೆ ಕೊಳವೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋಗುತ್ತೇನೆ. ಬಂಕಿನವರು ನನ್ನನ್ನು ಕಲಬೆರಕೆ ಪರೀಕ್ಷಿಸಲು ಬಂದ ಸರ್ಕಾರಿ ಅಧಿಕಾರಿ ಎಂದುಕೊಂಡು ಬಹಳ ಮರ್ಯಾದೆ ಕೊಡುತ್ತಾರೆ. ಆ ಮರ್ಯಾದೆಯನ್ನು ನಾನು ತಿದ್ದಲು ಹೋಗಿಲ್ಲ.

ಮೊದಲ ಸಲ ಎಂಜಿನ್ ಚಾಲೂ ಆದಾಗ ನನ್ನ ಪತ್ನಿ ರುಕ್ಮಿಣಿ ಅಡುಗೆಮನೆಯ ಕಿಟಕಿಯನ್ನು ಮುಚ್ಚಿದಳು. ಅದನ್ನು ನಾನು ಟೀಕೆ ಎಂದು ಪರಿಗಣಿಸಲಿಲ್ಲ. ಮಗಳು ಸಂಹಿತಾ ಇಲ್ಲಿಯೇ ಹುಟ್ಟಿ ಬೆಳೆದವಳು, ಇಲ್ಲಿಯೇ ಕಾಲೇಜಿಗೆ ಹೋಗುವವಳು. ಅವಳು ಕೆಳಗಿಳಿದು ಬಂದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

“ಅಪ್ಪಾ, ಅವಾಜ್ ತೋ ಮಸ್ತ್ ಛೇ. ಬಟ್ ಇದು ಓಡತ್ತಾ, ಇಲ್ಲಾ ಖಾಲಿ ಸೌಂಡ್ ಮಾಡತ್ತಾ?”

ಓಡಿತು. ಗಂಟೆಗೆ ನಲವತ್ತು ಕಿಲೋಮೀಟರಿನಲ್ಲಿ ಅದು ಅತ್ಯಂತ ಸಂತೋಷವಾಗಿರುತ್ತದೆ, ಕುಳಿತವನೂ ಹಾಗೆಯೇ.

ಇಲ್ಲಿಂದ ಮುಂದಿನದು ನನ್ನ ವೃತ್ತಿಗೆ ಸಂಬಂಧಿಸಿದ್ದು. ನಾನು ಟ್ರಾನ್ಸ್‌ಫಾರ್ಮರ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿದ್ದೇನೆ. ಸೇರಿದಾಗಿನಿಂದ ನನ್ನ ಕೆಲಸ ಬಣ್ಣ ಪರೀಕ್ಷಿಸುವುದು. ಟ್ರಾನ್ಸ್‌ಫಾರ್ಮರ್ ಮಳೆಯಲ್ಲಿ, ಉಪ್ಪು ಗಾಳಿಯಲ್ಲಿ ದಶಕಗಟ್ಟಲೆ ನಿಲ್ಲಬೇಕು. ತೆಳುವಾದ ಬಣ್ಣವನ್ನು ತಿರಸ್ಕರಿಸುವುದೇ ನನ್ನ ಸಂಬಳದ ಸಮರ್ಥನೆ. ದಪ್ಪ ಬಣ್ಣವನ್ನು ತಿರಸ್ಕರಿಸಲು ಯಾರೂ ನನಗೆ ಹೇಳಿರಲಿಲ್ಲ. ಸಿದ್ದಲಿಂಗಪ್ಪನವರ ಗಾಡಿಯ ಚೌಕಟ್ಟಿಗೆ ಪೌಡರ್ ಕೋಟಿಂಗ್, ಅಂದರೆ ಬಣ್ಣದ ಪುಡಿ ಹಾರಿಸಿ ಒಲೆಯಲ್ಲಿ ಬೇಯಿಸುವ ಲೇಪ, ಮಾಡಿಸುವಾಗ ನಾನು ಎಂಬತ್ತು ಮೈಕ್ರಾನ್ ಸಾಕಾಗುವಲ್ಲಿ ನೂರ ಎಂಬತ್ತು ಮೈಕ್ರಾನ್ ದಪ್ಪ ಎಂದು ಬರೆದುಕೊಟ್ಟೆ. ಬೋಲ್ಟು ಕೂರುವ ಪ್ರತಿಯೊಂದು ರಂಧ್ರಕ್ಕೂ ಬೇರಿಂಗ್ ಕೂರುವ ಜಾಗಕ್ಕೂ ಬಣ್ಣ ತಾಗದಂತೆ ಸ್ವತಃ ಪಟ್ಟಿ ಸುತ್ತಿದೆ. ಸಂಖ್ಯೆಗೆ ಸುತ್ತಲಿಲ್ಲ. ಎಂಜಿನಿಯರೊಬ್ಬನ ಕಣ್ಣಿಗೆ ಅಲ್ಲಿ ಯಾವ ಭಾಗವೂ ಕೂರುವುದಿಲ್ಲ, ಯಾವ ಭಾಗವೂ ತಿರುಗುವುದಿಲ್ಲ. ಇಡೀ ಭಾರತ ಸರ್ಕಾರ ಅಲ್ಲಿ ಕೂತಿದೆ ಎಂಬುದು ನನಗೆ ಹೊಳೆಯಲಿಲ್ಲ.

ಪುಡಿ ಕರಗಿ ಹರಿದು, ನಲವತ್ತು ವರ್ಷ ಸವೆದಿದ್ದ ಅಂಕಿಗಳನ್ನು ತುಂಬಿಬಿಟ್ಟಿತು. ಗಾಡಿಯನ್ನು ಓಡಿಸಿಕೊಂಡು ತಮ್ಮ ಕಚೇರಿಗೆ ಬಂದೆ, ಆಗಿನ್ನೂ ಅವಧಿ ಉಳಿದಿತ್ತು. ತಮ್ಮ ಇನ್ಸ್‌ಪೆಕ್ಟರು ಕಾಗದವಿಟ್ಟು ಉಜ್ಜಿದರು. ಕಾಗದದ ಮೇಲೆ ಮೂಡಿದ್ದು ಎಲ್ಲಿಯೂ ಕಲೆಯಿಲ್ಲದ, ಸಮನಾದ ಬೂದುಬಣ್ಣ. ಲೇಪದ ಗುಣಮಟ್ಟಕ್ಕೆ ಅದಕ್ಕಿಂತ ಒಳ್ಳೆಯ ಪ್ರಮಾಣಪತ್ರ ನನಗೆ ಈವರೆಗೆ ಸಿಕ್ಕಿಲ್ಲ. ಅವರು ಗಾಡಿಯನ್ನು ಎರಡು ಬದಿಯಿಂದಲೂ ನೋಡಿ, ಟ್ಯಾಂಕನ್ನು ಕೈಯಿಂದ ಸವರಿ, ನಿಜವಾದ ಮೆಚ್ಚುಗೆಯಿಂದ ಹೇಳಿದರು:

“ಭಾಯ್, ಗಾಡಿ ತೋ ಫಸ್ಟ್ ಕ್ಲಾಸ್ ಛೇ. ಪಣ್ ಛೇ ಕೋನಿ?”

ಗಾಡಿಯೇನೋ ಫಸ್ಟ್ ಕ್ಲಾಸ್, ಆದರೆ ಯಾರದು? ಆ ಪ್ರಶ್ನೆಗೆ ಉತ್ತರ ಕೊಡಲು ನಾನು ಅಂದಿನಿಂದ ಯತ್ನಿಸುತ್ತಿದ್ದೇನೆ.

ಎಂಜಿನ್ ಸಂಖ್ಯೆ ದಾಖಲೆಗೆ ಸರಿಹೊಂದುತ್ತದೆ ಎಂದೆ. ಎಂಜಿನ್ ಬದಲಿಸಬಹುದು ಎಂದರು, ನ್ಯಾಯವಾದ ಮಾತು. ಹಾಗಾದರೆ ಬಣ್ಣ ತೆಗೆದು ತರುತ್ತೇನೆ ಎಂದೆ. ಆಗ ಆರನೆಯ ಸಂಗತಿಯಲ್ಲಿ ವಿವರಿಸಿರುವ ಚಕ್ರ ತಿರುಗತೊಡಗಿತು. ಆ ಚಕ್ರವನ್ನು ರೂಪಿಸಿದವರ ಬಗ್ಗೆ ನನಗೆ ವೃತ್ತಿಪರ ಗೌರವವಿದೆ. ಎಲ್ಲಿಯೂ ಘರ್ಷಣೆಯಿಲ್ಲ, ಎಣ್ಣೆ ಬೇಡ, ನಿಲ್ಲುವುದೂ ಇಲ್ಲ. ನನ್ನ ಮೋಟರ್‌ಸೈಕಲ್ ಅದರ ಕಾಲು ಭಾಗದಷ್ಟು ಸಲೀಸಾಗಿ ಓಡಿದ್ದರೆ ನಾನು ಯಾರಿಗೂ ಪತ್ರ ಬರೆಯುತ್ತಿರಲಿಲ್ಲ.

ಬಣ್ಣ ತೆಗೆಯದೆಯೇ ಸಂಖ್ಯೆಯನ್ನು ಓದುವ ಉಪಾಯ ನಮ್ಮ ಊರಿನಲ್ಲಿ ಹೊಸದಲ್ಲ. ಇಲ್ಲಿ ಬಾಯ್ಲರುಗಳ, ಕೊಳವೆಗಳ ಬೆಸುಗೆಯನ್ನು ದಿನವೂ ವಿಕಿರಣದಿಂದ ಪರೀಕ್ಷಿಸುತ್ತಾರೆ. ಪರಿಚಯದ ಒಂದು ಪ್ರಯೋಗಾಲಯದಲ್ಲಿ, ದೊಡ್ಡದೊಂದು ಬಾಯ್ಲರಿನ ಸರದಿ ಮುಗಿದ ಮೇಲೆ, ನನ್ನ ಮೋಟರ್‌ಸೈಕಲ್ಲಿನ ಕುತ್ತಿಗೆಗೆ ಎಕ್ಸ್‌ರೇ ತೆಗೆಸಿದೆ. ಫಿಲ್ಮಿನ ಮೇಲೆ ಎಲ್ಲ ಅಂಕಿಗಳೂ ಮೂಡಿದವು. ಐದು ವರ್ಷಕ್ಕೊಮ್ಮೆ ನವೀಕರಣವಾದಾಗಲೆಲ್ಲ ತಮ್ಮಲ್ಲೇ ಸಲ್ಲಿಕೆಯಾದ ಹಳೆಯ ಪೆನ್ಸಿಲ್ ಅಚ್ಚುಗಳೊಡನೆ ಹೋಲಿಸಿ ನೋಡಬಹುದು ಎಂದು ಅರ್ಜಿಯಲ್ಲಿ ಬರೆದೆ. ಸಿದ್ದಲಿಂಗಪ್ಪನವರೂ ಅಹಮದಾಬಾದಿನಿಂದ ರೈಲಿನಲ್ಲಿ ಬಂದರು. ಇಸ್ತ್ರಿ ಮಾಡಿದ ಸಫಾರಿ ಸೂಟು ತೊಟ್ಟಿದ್ದರು. ಬ್ಯಾಂಕಿನ ಇನ್ಸ್‌ಪೆಕ್ಷನ್ನಿಗೆ ತೊಡುತ್ತಿದ್ದುದಂತೆ.

ತಮ್ಮ ಇನ್ಸ್‌ಪೆಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಸಿದ್ದಲಿಂಗಪ್ಪನವರತ್ತ ನೋಡಿ ಕಾಳಜಿಯಿಂದ, ಹಿಂದಿಯಲ್ಲಿ, ಇದು ಕಾಕಾನದೋ ಎಂದು ಕೇಳಿದರು.

ಗಾಡಿಯದು ಎಂದೆ.

ಅವರು ಫಿಲ್ಮನ್ನು ತಿರುಗಿಸಿ ಮತ್ತೊಮ್ಮೆ ನೋಡಿದರು. ಪಕ್ಕದ ಮೇಜಿನವರನ್ನು ಕರೆದರು. ಅವರೂ ನೋಡಿದರು. ಸಂಖ್ಯೆಯನ್ನು ಇಬ್ಬರೂ ಗಟ್ಟಿಯಾಗಿ ಓದಿದರು, ದಾಖಲೆಯಲ್ಲಿರುವುದು ಅದೇ ಎಂದೂ ಒಪ್ಪಿದರು. ಬಳಿಕ ಫಿಲ್ಮನ್ನು ಲಕೋಟೆಗೆ ಹಾಕಿ ನನಗೆ ಹಿಂದಿರುಗಿಸಿ, ನಿಯಮದಲ್ಲಿ ಪೆನ್ಸಿಲ್ ಎಂದಿದೆ ಎಂದರು.

ಸಿದ್ದಲಿಂಗಪ್ಪನವರು ಬ್ಯಾಂಕಿನಲ್ಲಿ ಕಲಿತ ಗುಜರಾತಿಯಲ್ಲಿ ತಮ್ಮ ಪರಿಚಯ ಹೇಳಿಕೊಂಡು, ಸೀಟಿನ ಕೆಳಗಿನ ತಗ್ಗು ಯಾವ ವರ್ಷ ಯಾವ ಎಮ್ಮೆಯಿಂದ ಆಯಿತು ಎಂಬುದನ್ನೂ ವಿವರಿಸಿದರು. ಇನ್ಸ್‌ಪೆಕ್ಟರು ಅದನ್ನು ಆಸಕ್ತಿಯಿಂದ ಕೇಳಿ, ಕಾಕಾ, ನನಗೆ ನಿಮ್ಮ ಮೇಲೆ ಅನುಮಾನವಿಲ್ಲ, ಗಾಡಿಯ ಮೇಲಿದೆ ಎಂದರು. ಆಗ ಸಿದ್ದಲಿಂಗಪ್ಪನವರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ್ದು ಇಷ್ಟು:

“ನಲವತ್ತ ವರ್ಷ ನನ್ನ ಗಾಡಿ ಅಂತ ಹತ್ತಿ ಓಡ್ಸೇನ್ರೀ. ಈಗ ಇದು ಗಾಡೀನ ಅಲ್ಲ ಅಂದ್ರ, ನಾ ಇಷ್ಟ ದಿನ ಯಾವುದರ ಮ್ಯಾಲೆ ಕುಂತಿದ್ದೆ?”

ಮಾನ್ಯರೇ, ಈ ಪ್ರಶ್ನೆಯನ್ನು ತಮ್ಮ ಉತ್ತರಕ್ಕಾಗಿ ಇಲ್ಲಿ ದಾಖಲಿಸುತ್ತಿದ್ದೇನೆ. ಪೆನ್ಸಿಲ್ ನಿಯಮದ ಉದ್ದೇಶವೇನು? ಕದ್ದ ಗಾಡಿಗೆ ಒಳ್ಳೆಯ ಹೆಸರು ಸಿಗದಿರಲಿ ಎಂಬುದು. ಆ ಉದ್ದೇಶವನ್ನು ನಾನು ಪೂರ್ಣವಾಗಿ ಬೆಂಬಲಿಸುತ್ತೇನೆ. ಆದರೆ ಗಂಟೆಗೆ ನಲವತ್ತು ಕಿಲೋಮೀಟರ್ ಓಡುವ ಗಾಡಿಯನ್ನು ಕದ್ದು, ಅದಕ್ಕೆ ಸೂರತ್ತಿನಿಂದ ರಿಂಗು ತಂದು, ಕುತ್ತಿಗೆಗೆ ಎಕ್ಸ್‌ರೇ ತೆಗೆಸಿ, ಕಳೆದುಕೊಂಡ ಮಾಲೀಕರನ್ನು ಸಫಾರಿ ಸೂಟಿನಲ್ಲಿ ಜೊತೆಗೆ ಕರೆದುಕೊಂಡು ತಮ್ಮ ಮೇಜಿಗೇ ಬರುವ ಕಳ್ಳನನ್ನು ತಾವು ಕಂಡಿದ್ದೀರಾ? ಕಂಡಿದ್ದರೆ ದಯವಿಟ್ಟು ವಿಳಾಸ ಕೊಡಿ. ನನಗೆ ಎಲ್ಲಿಯೂ ಸಿಗದ ಕ್ಲಚ್ ಪ್ಲೇಟು ಅವನ ಬಳಿ ಇದ್ದೀತು.

ತಮ್ಮ ಗೇಟಿನ ಹೊರಗೆ, ಚಹಾದಂಗಡಿಯ ಪಕ್ಕ, ಕುರ್ಚಿ ಹಾಕಿಕೊಂಡು ಕೂರುವ ಏಜೆಂಟರೊಬ್ಬರು ಅಂದು ನಮ್ಮನ್ನು ಕರೆದರು. ಇಷ್ಟು ಚಿಕ್ಕ ಕೆಲಸಕ್ಕೆ ವಯಸ್ಸಾದವರನ್ನು ಅಲೆಸಬೇಡಿ ಎಂದು ನನಗೆ ಬುದ್ಧಿ ಹೇಳಿದರು. ದಾಖಲೆಯಲ್ಲಿರುವ ಸಂಖ್ಯೆಯನ್ನು ತಗಡಿನ ಮೇಲೆ ಒತ್ತಿಸಿ, ಆ ತಗಡಿನಿಂದ ಪೆನ್ಸಿಲ್ ಅಚ್ಚು ತೆಗೆದುಕೊಡುತ್ತಾರಂತೆ, ಸಂಜೆಯೊಳಗೆ. ಗಾಡಿ ತರುವ ಅಗತ್ಯವೂ ಇಲ್ಲವಂತೆ. ಗಮನಿಸಬೇಕು: ಇರುವ ಸಂಖ್ಯೆಯನ್ನು ತೋರಿಸಲು ತಮ್ಮ ಗೇಟಿನ ಒಳಗೆ ದಾರಿಯಿಲ್ಲ, ಇಲ್ಲದ ಸಂಖ್ಯೆಯನ್ನು ತೋರಿಸಲು ಗೇಟಿನ ಹೊರಗೆ ಕುರ್ಚಿ ಹಾಕಿದೆ, ಕೂತರೆ ಚಹಾವೂ ಬರುತ್ತದೆ.

ಮನೆಗೆ ಬಂದು ಇದನ್ನು ಹೇಳಿದಾಗ ರುಕ್ಮಿಣಿ ಬೇಳೆ ಆರಿಸುತ್ತಿದ್ದವಳು ತಲೆಯೆತ್ತಲಿಲ್ಲ. “ಮಾಡಿಸಿಕೊಂಡು ಬರೋದಲ್ವಾ? ಸಂಖ್ಯೆ ಹೇಗೂ ಅದೇ. ಯಾರಿಗೆ ಗೊತ್ತಾಗತ್ತೆ?” ಎಂದಳು. ನಾನು ಉತ್ತರ ಕೊಡುವುದರೊಳಗೆ ತಾನೇ ಹೇಳಿದಳು: “ನಿಮಗೆ ಗೊತ್ತಾಗತ್ತೆ. ಆಮೇಲೆ ವರ್ಷವೆಲ್ಲ ಆ ಮುಖ ನಾನು ನೋಡ್ಬೇಕು. ಬೇಡ ಬಿಡಿ.” ನಮ್ಮ ಸಂಸಾರದಲ್ಲಿ ತೀರ್ಮಾನಗಳು ತಮ್ಮ ಕಚೇರಿಗಿಂತ ಬೇಗ ಆಗುತ್ತವೆ.

ಗಾಡಿಯ ಅವಧಿ ಈಗ ಮುಗಿದಿದೆ. ಸಿದ್ದಲಿಂಗಪ್ಪನವರು ಪ್ರತಿ ಭಾನುವಾರ ಫೋನ್ ಮಾಡುತ್ತಾರೆ. ಹನ್ನೊಂದನೆಯ ಮಹಡಿಯಲ್ಲಿ ಸಾಮಾನು ಕಟ್ಟುವ ಕೆಲಸ ಶುರುವಾಗಿದೆ. ನಮ್ಮ ಸೊಸೈಟಿಯ ಆವರಣ ಖಾಸಗಿ ಜಾಗವಾದ್ದರಿಂದ, ಅದರೊಳಗೆ ಅವರನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಲು ಅಡ್ಡಿಯಿಲ್ಲ ಎಂದು ನಾನು ಸೂಚಿಸಿದೆ. ಅವರಿಗೆ ಅದು ಒಪ್ಪಿಗೆಯಾಗಲಿಲ್ಲ.

“ಕಂಪೌಂಡಿನ್ಯಾಗ ತಿರಗಾಕ ಮೋಟರ್‌ಸೈಕಲ್ ಯಾಕ್ರೀ ಬೇಕು? ನಾ ಹೋಗಬೇಕಂದದ್ದು ಬ್ಯಾಂಕಿಗೆ. ಬಾಗಲದಾಗ ಒಂದ ಸಲ ಹಾರ್ನ್ ಹೊಡದು ಬರೂದು, ಅಷ್ಟ.”

ಆ ಶಾಖೆ ಅಲ್ಲಿಂದ ಎಂದೋ ಬೇರೆಡೆಗೆ ಹೋಗಿದೆ. ಅವರಿಗೆ ಅದು ಗೊತ್ತಿದೆ. ಈಗ ಅಲ್ಲಿ ಕನ್ನಡಕದ ಅಂಗಡಿಯಿದೆಯಂತೆ. ಕನ್ನಡಕದವರಿಗೂ ಹಾರ್ನ್ ಕೇಳಿಸಬಹುದಲ್ಲ ಎಂಬುದು ಅವರ ವಾದ.

ಆದ್ದರಿಂದ ನನ್ನ ಬೇಡಿಕೆ ಅತ್ಯಂತ ಚಿಕ್ಕದು. ತಮ್ಮ ಇನ್ಸ್‌ಪೆಕ್ಟರನ್ನು, ಅವರ ಪೆನ್ಸಿಲಿನೊಡನೆ, ಒಂದು ಗಂಟೆಯ ಮಟ್ಟಿಗೆ ತಮ್ಮ ಕಚೇರಿಯ ಅಂಗಳಕ್ಕೆ ಕಳುಹಿಸಿಕೊಡಿ. ನೆರಳಿನಲ್ಲಿ ಕುರ್ಚಿ ನಾನು ಹಾಕಿಸುತ್ತೇನೆ. ಉಕ್ಕಿನ ಉಪಕರಣ ಯಾವುದನ್ನೂ ಬಳಸುವುದಿಲ್ಲ. ಬಣ್ಣ ಮೆತ್ತಗಾಗಿಸುವ ದ್ರಾವಣ ಮತ್ತು ಹತ್ತಿ ಬಟ್ಟೆ, ಇಷ್ಟೇ. ಅಂಗೈಯಗಲದ ಜಾಗದಲ್ಲಿ ಬಣ್ಣ ಬಿಡುತ್ತದೆ, ಕೆಳಗೆ ಉಕ್ಕು ಕಾಣುತ್ತದೆ, ಉಕ್ಕಿನಲ್ಲಿ ಸಂಖ್ಯೆ ಇರುತ್ತದೆ. ಇದಕ್ಕೆ ಅವಕಾಶವಿಲ್ಲ ಎಂದು ತಾವು ಬರೆದುಕೊಡುವುದಾದರೂ ಸಂತೋಷ. ಈವರೆಗೆ ಅದನ್ನೂ ಯಾರೂ ಬರೆದುಕೊಟ್ಟಿಲ್ಲ.

ತಮ್ಮ ಉತ್ತರಕ್ಕಾಗಿ ದಸರೆ ಮುಗಿಯುವವರೆಗೆ ಕಾಯುತ್ತೇನೆ. ಬಾರದಿದ್ದರೆ ಏನು ಮಾಡಬೇಕೆಂಬುದನ್ನು ಸಿದ್ದಲಿಂಗಪ್ಪನವರೂ ನಾನೂ ಫೋನಿನಲ್ಲಿ ಮಾತಾಡಿ ತೀರ್ಮಾನಿಸಿದ್ದೇವೆ. ತಿದ್ದಲಾಗಿದೆ ಎಂದು ತಾವು ಬರೆದುಬಿಟ್ಟರೆ ಗಾಡಿ ಎಂದೆಂದಿಗೂ ರಸ್ತೆಗೆ ಇಳಿಯುವುದಿಲ್ಲ ಎಂಬುದನ್ನು ನಾನು ಅವರಿಗೆ ಸ್ಪಷ್ಟವಾಗಿ ತಿಳಿಸಿದೆ. ಬಣ್ಣದಡಿ ಬಚ್ಚಿಟ್ಟುಕೊಂಡು ಕೂತರೆ ಇಳಿದೀತೇನು ಎಂದು ಅವರು ಕೇಳಿದರು.

ದಸರೆಯ ನಂತರದ ಮೊದಲ ಕೆಲಸದ ದಿನ, ಬೆಳಿಗ್ಗೆ ಹನ್ನೊಂದಕ್ಕೆ, ಮೋಟರ್‌ಸೈಕಲ್ಲನ್ನು ಟೆಂಪೋದಲ್ಲಿ ಹಾಕಿಕೊಂಡು ಸಿದ್ದಲಿಂಗಪ್ಪನವರ ಜೊತೆ ತಮ್ಮ ಗೇಟಿನ ಮುಂದೆ ಬರುತ್ತೇನೆ. ಯಾರಾದರೂ ಹೊರಗೆ ಬಂದರೆ ಅವರೆದುರಿಗೆ, ಬಾರದಿದ್ದರೆ ರಸ್ತೆಯಲ್ಲಿ ಹೋಗುವವರೆದುರಿಗೆ, ಆ ಬಣ್ಣವನ್ನು ನಾನು ತೆಗೆಯುತ್ತೇನೆ.

ಇಂತಿ,
ಸದ್ಯಕ್ಕೆ ಸಿಟಿ ಬಸ್ಸಿನಲ್ಲಿ ನಿಂತುಕೊಂಡು ಓಡಾಡುತ್ತಿರುವ
ಹಯವದನ
ಮಂಜಲ್‌ಪುರ, ವಡೋದರಾ